ಡಾಕ್ಟರಿಗೆ ಪರ್ಸೆಂಟೇಜ್ ಹೇಳಬೇಡಿ, ಕೆಲಸ ಏನು ಅಂತ ಹೇಳಿ

ನಿಮ್ಮ ಪ್ರಶ್ನೆ ಇಷ್ಟು. ಸಾಗರದ ಕಡೆ ಸಾಮಿಲ್ಲಿನಲ್ಲಿ ದಿಮ್ಮಿ ಉರುಳಿ ನಿಮ್ಮಣ್ಣನ ಎಡಗೈ ಮಣಿಕಟ್ಟು ಮುರಿದಿದೆ. ಶಿವಮೊಗ್ಗದಲ್ಲಿ ಆಪರೇಷನ್ ಆಗಿದೆ. ಪರಿಹಾರದ ಕೇಸಿಗೆ ದುಡಿಮೆ ಶಕ್ತಿ ಎಷ್ಟು ಪರ್ಸೆಂಟ್ ಹೋಗಿದೆ ಅಂತ ಡಾಕ್ಟರ ಸರ್ಟಿಫಿಕೇಟ್ ಬೇಕು. ‘ಸ್ವಲ್ಪ ಜಾಸ್ತಿ ಪರ್ಸೆಂಟೇಜ್ ಬರೆದುಕೊಡಿ’ ಅಂತ ಡಾಕ್ಟರನ್ನು ಕೇಳಿದರೆ ತಪ್ಪಾ?

ತಪ್ಪು. ದಯವಿಟ್ಟು ಕೇಳಬೇಡಿ. ನಾನು ಶಿವಮೊಗ್ಗದಲ್ಲಿ ಕಾರ್ಮಿಕರ ಪರವಾಗಿ ಇಂಥ ಕೇಸುಗಳನ್ನೇ ನಡೆಸುವ ವಕೀಲ. ಆ ಆಸೆ ಯಾಕೆ ಬರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕ ನೋಡಿ (2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಲೆಕ್ಕದ ರೀತಿ ಅದೇ): ಶಾಶ್ವತ ಊನವಾದರೆ ತಿಂಗಳ ಸಂಬಳದ 60 ಪರ್ಸೆಂಟ್, ಅದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು, ಅದರಲ್ಲಿ ದುಡಿಮೆ ಶಕ್ತಿ ಎಷ್ಟು ಹೋಗಿದೆಯೋ ಅಷ್ಟು ಪಾಲು. ವಯಸ್ಸು 35 ಆದರೆ ಗುಣಕ 197.06. ಸಂಬಳ 15,000 ಅಂತ ಹಿಡಿದರೆ ಹತ್ತು ಪರ್ಸೆಂಟಿನ ವ್ಯತ್ಯಾಸ 1,77,354 ರೂಪಾಯಿ. ಮನೆಯಲ್ಲಿ ದುಡಿಯುವ ಕೈ ಮುರಿದು ಕೂತಾಗ ಅದು ಸಣ್ಣ ದುಡ್ಡಲ್ಲ.

ಆದರೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಸುಳ್ಳು ಸರ್ಟಿಫಿಕೇಟ್ ಕೊಡುವುದು 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ದುರ್ನಡತೆ. ನಿಮ್ಮಣ್ಣನ ಕೈ ಉಳಿಸಿದ ಡಾಕ್ಟರಿಗೆ ನೀವು ಅಂಥ ಕೆಲಸ ಮಾಡಿ ಅಂತ ಹೇಳಿದ ಹಾಗಾಗುತ್ತದೆ. ಇನ್ನೊಂದು ಕಾರಣವನ್ನು ನಾನು ಕೋರ್ಟಿನಲ್ಲಿ ಕಣ್ಣಾರೆ ನೋಡಿದ್ದೇನೆ.

ಜೂನಿಯರ್ ಆಗಿದ್ದಾಗಿನ ಮಾತು. ಭುಜಕ್ಕೆ ಪೆಟ್ಟಾದ ಒಬ್ಬ ಲೋಡಿಂಗ್ ಕೆಲಸಗಾರರ ಕೇಸು. ಎಷ್ಟೋ ವರ್ಷದ ಹಿಂದೆ ಅಡಿಕೆ ಮರದಿಂದ ಬಿದ್ದು ಅದೇ ಭುಜಕ್ಕೆ ಏಟಾಗಿತ್ತು. ಅದು ನಮಗೆ ಗೊತ್ತಿತ್ತು. ಸುಮ್ನೆ ಯಾಕೆ ಹೇಳೋದು ಅಂತ ಡಾಕ್ಟರಿಗೆ ಹೇಳಲಿಲ್ಲ. ಪಾಟೀ ಸವಾಲಿನ ದಿನ ಇನ್ಶೂರೆನ್ಸ್ ಕಂಪನಿಯ ವಕೀಲರು ಒಂದು ಹಳೇ ಓಪಿಡಿ ಚೀಟಿ ತೆಗೆದು ಡಾಕ್ಟರ ಕೈಗೆ ಕೊಟ್ಟರು. ಡಾಕ್ಟರು ಕನ್ನಡಕ ತೆಗೆದು ಎರಡು ಸಲ ಓದಿದರು. ‘ಇದನ್ನು ನನಗೆ ಯಾರೂ ಹೇಳಿರಲಿಲ್ಲ’ ಅಂದರು. ಅಲ್ಲಿಂದ ಮುಂದೆ ಅವರು ಹೇಳಿದ ಯಾವ ಮಾತಿಗೂ ಬೆಲೆ ಉಳಿಯಲಿಲ್ಲ. ಪರಿಹಾರ ತೀರಾ ಕಡಿಮೆಯಾಯಿತು. ನಿಜ ಏನೆಂದರೆ, ಆ ಹಳೇ ಏಟು ವಾಸಿಯಾಗಿ ಅವರು ವರ್ಷಗಟ್ಟಲೆ ಮೂಟೆ ಹೊತ್ತಿದ್ದರು. ಡಾಕ್ಟರಿಗೆ ಮೊದಲೇ ಹೇಳಿದ್ದರೆ ಸರ್ಟಿಫಿಕೇಟಿನಲ್ಲಿ ಒಂದೇ ಸಾಲಿಗೆ ಮುಗಿಯುತ್ತಿತ್ತು. ‘ನಾನೇ ಸುಳ್ಳು ಹೇಳಿದ ಹಾಗಾಯ್ತಲ್ಲ ಸಾರ್’ ಅಂತ ಆ ಮನುಷ್ಯ ಹೊರಗೆ ಬಂದು ಕೇಳಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಆ ತಪ್ಪು ಅವರದಲ್ಲ, ನಮ್ಮದು.

ಹಾಗಾದರೆ ಡಾಕ್ಟರ ಹತ್ತಿರ ಏನು ಮಾತಾಡಬೇಕು? ಕೆಲಸದ ಬಗ್ಗೆ ಮಾತಾಡಿ. ಬೆರಳೇ ಹೋಗಿದ್ದರೆ ಕಾಯ್ದೆಯ ಪಟ್ಟಿಯಲ್ಲೇ ಅಂಕಿ ಇದೆ: ಹೆಬ್ಬೆರಳಿಗೆ 30, ಒಂದು ಕೈಯ ನಾಲ್ಕೂ ಬೆರಳಿಗೆ 50. ನಿಮ್ಮಣ್ಣನದು ಆ ಪಟ್ಟಿಯಲ್ಲಿ ಇಲ್ಲದ ಪೆಟ್ಟು. ಇಂಥದ್ದಕ್ಕೆ ದುಡಿಮೆ ಶಕ್ತಿ ಎಷ್ಟು ಹೋಗಿದೆ ಅಂತ ಡಾಕ್ಟರೇ ಅಂದಾಜು ಮಾಡಬೇಕು. ಸಾಮಿಲ್ಲಿನಲ್ಲಿ ಎಡಗೈಗೆ ಏನು ಕೆಲಸ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ದಿಮ್ಮಿಯನ್ನು ಗರಗಸದ ಕಡೆ ತಳ್ಳುವಾಗ ಎಡಗೈ ಒತ್ತಿ ಹಿಡಿಯಬೇಕು, ಹಿಡಿತ ಜಾರಿದರೆ ಬಲಗೈಗೂ ಅಪಾಯ, ದಿನಕ್ಕೆ ಇಷ್ಟು ಗಂಟೆ ಇದೇ ಕೆಲಸ, ಅಂತ ಒಂದು ಪುಟ ಬರೆದುಕೊಡಿ. ಅದರಲ್ಲೇ ಕೇಳಿ: ಹಿಡಿತ ಎಷ್ಟಿದೆ, ಮಣಿಕಟ್ಟು ಎಷ್ಟು ಬಾಗುತ್ತದೆ, ಭಾರ ಎತ್ತಬಹುದಾ, ಈ ಕೆಲಸಕ್ಕೆ ವಾಪಸ್ ಹೋಗಬಹುದಾ? ಅಂಕಿ ಮಾತ್ರ ಬರೆಯಬೇಡಿ. ಹಳೇ ಪೆಟ್ಟು, ಸಕ್ಕರೆ ಕಾಯಿಲೆ ಏನಿದ್ದರೂ ಬರೆಯಿರಿ. ನಿಮ್ಮಣ್ಣನೇ ಸಹಿ ಹಾಕಲಿ, ಒಂದು ನಕಲು ನಿಮ್ಮ ಹತ್ತಿರ ಇರಲಿ. ಮಾಲೀಕರ ವಕೀಲರಿಗೆ ಆ ಪತ್ರ ಸಿಕ್ಕಿದರೂ ನಿಮಗೆ ಮುಜುಗರ ಆಗಬಾರದು, ಹಾಗಿರಬೇಕು.

ಕೆಲಸಕ್ಕೆ ಎಷ್ಟು ತೂಕ ಅಂದರೆ, 1975ರಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಡಗೈ ಮೊಣಕೈ ಮೇಲೆ ಕತ್ತರಿಸಬೇಕಾಗಿ ಬಂದ ಬಡಗಿಗೆ ಪೂರ್ತಿ ದುಡಿಮೆ ಹೋಯಿತು ಅಂತಲೇ ಒಪ್ಪಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಅಲ್ವಾ? ಅಲ್ಲಿ ಯಾರೂ ಏನನ್ನೂ ಉಬ್ಬಿಸಬೇಕಾಗಿರಲಿಲ್ಲ.

ಮಾಲೀಕರು ತಮ್ಮ ಖರ್ಚಿನಲ್ಲಿ ಬೇರೆ ಡಾಕ್ಟರಿಂದ ಪರೀಕ್ಷೆ ಮಾಡಿಸುತ್ತೇವೆ ಅಂದರೆ ಹೋಗಿ. ಅದಕ್ಕೆ ಕಾಯ್ದೆಯಲ್ಲಿ ಅವಕಾಶ ಇದೆ. ಅಲ್ಲೂ ಇದೇ ಮಾತು ಹೇಳಿ, ನೋವು ಇಲ್ಲದ ಕಡೆ ಇದೆ ಅನ್ನಬೇಡಿ. ಆದರೆ ಅವರ ಕಡೆಯವರು ನಿಮಗೆ ಗೊತ್ತಿಲ್ಲದೆ ನಿಮ್ಮ ಡಾಕ್ಟರನ್ನು ಕಂಡು ಮಾತಾಡುವುದು ಸರಿಯಲ್ಲ. ‘ನನ್ನ ಒಪ್ಪಿಗೆ ಇಲ್ಲದೆ ವಿವರ ಕೊಡಬೇಡಿ’ ಅಂತ ನಿಮ್ಮಣ್ಣ ಡಾಕ್ಟರಿಗೆ ಬರೆದುಕೊಡಬಹುದು.

ಕೇಸ್ ಶೀಟು, ಎಕ್ಸ್‌ರೇ ವರದಿಗೆ ಈಗಲೇ ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮ ಹೇಳುತ್ತದೆ. ಪರ್ಸೆಂಟೇಜಿಗೆ ಮಾತ್ರ ಅವಸರ ಬೇಡ. ಪ್ಲಾಸ್ಟರ್ ತೆಗೆದು, ಫಿಸಿಯೋಥೆರಪಿ ಮುಗಿದು, ಇನ್ನು ಸುಧಾರಿಸುವುದಿಲ್ಲ ಅಂತ ಡಾಕ್ಟರೇ ಹೇಳಲಿ. ಮಾಲೀಕರಿಗೆ ಅಪಘಾತದ ನೋಟಿಸ್ ಇನ್ನೂ ಕೊಟ್ಟಿಲ್ಲದಿದ್ದರೆ ಅದನ್ನು ಈ ವಾರವೇ ಕೊಟ್ಟುಬಿಡಿ.