ಬಿಜಾಪುರದ ದರಬಾರು ಕಲೆ: ಒಬ್ಬ ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಬಿಜಾಪುರದ ಆದಿಲಶಾಹಿ ಆಸ್ಥಾನದ ಕಲೆಯನ್ನು ಕುರಿತ ನಿಮ್ಮ ದೀರ್ಘ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ನಾವು ಪ್ರಕಟಿಸಲಾರೆವು. ಆದರೂ ಅದರೊಳಗೆ ಒಳ್ಳೆಯ ಬರಹವೊಂದು ಅಡಗಿದೆ ಎಂದು ಅನ್ನಿಸಿದ್ದರಿಂದ, ವಾಡಿಕೆಯ ಎರಡು ಸಾಲಿನ ವಿಷಾದಪತ್ರ ಕಳಿಸದೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಮಾತು ನಿಷ್ಠುರವೆನಿಸಿದರೆ ಮನ್ನಿಸಬೇಕು.

ಮೊದಲು, ಚರ್ಚೆಗೆ ಅವಕಾಶವೇ ಇಲ್ಲದ ತಪ್ಪುಗಳು. ಎರಡನೆಯ ಇಬ್ರಾಹಿಂ ಆದಿಲ್ ಶಾಹನು ತಾಳಿಕೋಟೆಯ ಕದನದಲ್ಲಿ ಗೆದ್ದು ಬಂದು ಕಲೆಗೆ ಆಶ್ರಯ ಕೊಟ್ಟನೆಂದು ಬರೆದಿದ್ದೀರಿ. ಆ ಕದನ ನಡೆದದ್ದು 1565ರಲ್ಲಿ, ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ. ಇಬ್ರಾಹಿಂ 1580ರಲ್ಲಿ ಪಟ್ಟವೇರಿದಾಗ ಇನ್ನೂ ಹತ್ತರ ಆಸುಪಾಸಿನ ಹುಡುಗನಾಗಿದ್ದು, ಅಧಿಕಾರಕ್ಕಾಗಿ ಸರದಾರರು ಬಡಿದಾಡುತ್ತಿದ್ದ ಆ ವರ್ಷಗಳಲ್ಲಿ ಅಲಿಯ ವಿಧವೆ ಚಾಂದ್ ಬೀಬಿ ಅವನ ಬೆನ್ನಿಗೆ ನಿಂತಿದ್ದಳು. ಗೋಲಗುಮ್ಮಟವನ್ನೂ ನೀವು ಅವನ ಹೆಸರಿಗೇ ಬರೆದುಬಿಟ್ಟಿದ್ದೀರಿ. ಅದು ಅವನ ಮಗ ಮುಹಮ್ಮದ್ ಆದಿಲ್ ಶಾಹನ ಗೋರಿ. ಅಲ್ಲಿಯ ಪಿಸುಮಾತಿನ ಪಡಸಾಲೆಗೆ ಇಡೀ ಒಂದು ಪುಟ ಮೀಸಲಿಟ್ಟಿದ್ದೀರಿ. ಶಾಲೆಯ ಪ್ರವಾಸಕ್ಕೆ ಹೋಗಿ ಅಲ್ಲಿ ಕೂಗಿ ಬಂದವರೇ ನಮ್ಮ ಓದುಗರಲ್ಲಿ ಹೆಚ್ಚಿರುವುದರಿಂದ ಆ ಪುಟವನ್ನು ಪೂರ್ತಿಯಾಗಿ ತೆಗೆದುಹಾಕಬಹುದು.

ತಪ್ಪುಗಳನ್ನು ತಿದ್ದುವುದು ಒಂದು ಸಂಜೆಯ ಕೆಲಸ. ಅದಕ್ಕಿಂತ ದೊಡ್ಡ ತೊಡಕು ಬೇರೆಯದು. ನಿಮ್ಮ ಲೇಖನದಲ್ಲಿ 'ಅಮೋಘ', 'ಅಪ್ರತಿಮ', 'ವಿಶ್ವವಿಖ್ಯಾತ' ಎಂಬ ಮಾತುಗಳು ಸಾಲುಸಾಲಿಗೂ ಬರುತ್ತವೆ. ಆದರೆ ಯಾವ ವಸ್ತುವಿನ ಮುಂದೆಯೂ ನೀವು ನಿಂತು ನೋಡಿದಂತೆ ಕಾಣುವುದಿಲ್ಲ. ಮಲಿಕ್-ಎ-ಮೈದಾನ್ ತೋಪಿಗೆ 'ಪ್ರಪಂಚದ ಅತಿ ದೊಡ್ಡ ತೋಪುಗಳಲ್ಲೊಂದು' ಎಂಬ ಒಂದೇ ವಾಕ್ಯ ಸಂದಿದೆ. ಅದರ ಬಾಯಿಯ ಹತ್ತಿರ ಹೋಗಿ ನೋಡಿ. ತೋಪಿನ ಬಾಯಿಯೇ ಸಿಂಹದಂಥ ಮೃಗವೊಂದರ ತೆರೆದ ದವಡೆಯಾಗಿದ್ದು, ಆ ದವಡೆಗೆ ಸಿಕ್ಕ ಆನೆ ನುಜ್ಜಾಗುತ್ತಿದೆ. ಮೈಮೇಲಿನ ಶಾಸನದ ಪ್ರಕಾರ ಅದನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ಹೊಯ್ದದ್ದು 1549ರಲ್ಲಿ, ಅದೂ ಬಿಜಾಪುರದಲ್ಲಲ್ಲ, ನಿಜಾಮಶಾಹಿಗಳ ಅಹಮದ್‌ನಗರದಲ್ಲಿ. ಪರಂಡಾ ಕೋಟೆಯಿಂದ 1632ರಲ್ಲಿ ಬಿಜಾಪುರಕ್ಕೆ ಬಂದ ಅದೇ ತೋಪಿನ ಮೇಲೆ, 1686ರಲ್ಲಿ ಊರು ಗೆದ್ದ ಔರಂಗಜೇಬ ತನ್ನ ಜಯದ ಸಾಲುಗಳನ್ನು ಕೆತ್ತಿಸಿದ. ತುರ್ಕಿಯ ಕಡೆಯಿಂದ ಬಂದ ಒಬ್ಬ ಎರಕದವನ ಕೈಚಳಕ, ಮೂರು ಆಸ್ಥಾನಗಳ ಪೈಪೋಟಿ, ಎಲ್ಲವೂ ಒಂದೇ ಲೋಹದ ಮೈಮೇಲೆ ಇರುವಾಗ ಅದರ ಗಾತ್ರವನ್ನಷ್ಟೇ ಹೇಳಿ ಮುಂದೆ ಹೋಗುವುದು ಲೇಖಕನಿಗೆ ನಷ್ಟ.

ಚಿತ್ರಗಳ ವಿಚಾರದಲ್ಲೂ ಹೀಗೇ ಆಗಿದೆ. ಫರುಖ್ ಬೇಗ್ ಮುಂತಾದ ಹೆಸರುಗಳ ಪಟ್ಟಿ ಕೊಟ್ಟಿದ್ದೀರಿ, ಒಂದು ಚಿತ್ರವನ್ನೂ ಬಿಡಿಸಿ ಹೇಳಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬಿಬ್ಬರು 1680ರ ಸುಮಾರಿಗೆ ಬರೆದ ಒಂದು ಚಿತ್ರವಿದೆ. ಒಬ್ಬರನ್ನೊಬ್ಬರು ಕಾಣುವುದೇ ಸಾಧ್ಯವಿರದಿದ್ದ, ಬೇರೆಬೇರೆ ತಲೆಮಾರುಗಳ ಆದಿಲಶಾಹಿ ಸುಲ್ತಾನರೆಲ್ಲ ಅದರಲ್ಲಿ ಒಟ್ಟಿಗೆ ಕೂತಿದ್ದಾರೆ. ಮೂಲಪುರುಷ ಯೂಸುಫನಿಗೆ ಇರಾನಿನ ಸಫವಿ ದೊರೆ ಶಾಹ್ ಇಸ್ಮಾಯಿಲ್ ಬೀಗದ ಕೈಯೊಂದನ್ನು ನೀಡುತ್ತಿದ್ದಾನೆ. ವಂಶದ ಕೊನೆಯವನಾದ ಸಿಕಂದರ್ ಆಗಿನ್ನೂ ಹುಡುಗ. ನಾನು ಇದನ್ನು ಬರೀ ಕುಟುಂಬಚಿತ್ರವೆಂದು ಓದಲಾರೆ. ಮೊಗಲರ ಸೈನ್ಯದ ಬೆದರಿಕೆ ನೆತ್ತಿಯ ಮೇಲಿದ್ದಾಗ, ನಮ್ಮ ಗದ್ದುಗೆಯ ಹಕ್ಕು ಇರಾನಿನಿಂದ ಬಂದದ್ದೇ ಹೊರತು ದಿಲ್ಲಿಯವರ ದಯೆಯಿಂದಲ್ಲ ಎಂದು ಬಣ್ಣದಲ್ಲಿ ಬರೆದಿಟ್ಟ ಹಕ್ಕುಪತ್ರವಿದು. ಆರು ವರ್ಷಗಳಲ್ಲಿ ರಾಜ್ಯವೇ ಹೋಯಿತು. ಆಸ್ಥಾನದ ಕಲೆ ಎಂದರೆ ವೈಭವದ ಕಾಲದ ಫಸಲು ಎಂದು ನಿಮ್ಮ ಲೇಖನದುದ್ದಕ್ಕೂ ಹೇಳಿದ್ದೀರಿ. ಈ ಒಂದು ಚಿತ್ರ ಆ ವಾದವನ್ನು ಅಲುಗಾಡಿಸುತ್ತದೆ. ಅದನ್ನು ಎದುರಿಸದೆ ಲೇಖನ ಮುಗಿಸಬಾರದು.

ಇನ್ನು 'ಜಗದ್ಗುರು ಬಾದಶಹ'ನ ವಿಚಾರ. ಇಬ್ರಾಹಿಮನನ್ನು ಇಂದಿನ ಕೋಮು ಸೌಹಾರ್ದದ ರಾಯಭಾರಿಯನ್ನಾಗಿ ಮಾಡಿ ಮೂರು ಪುಟ ಬರೆದಿದ್ದೀರಿ. ನಿಮ್ಮ ಆಶಯ ಒಳ್ಳೆಯದೇ, ಆದರೆ ಅದರ ಭಾರವನ್ನು ನಾಲ್ಕು ಶತಮಾನಗಳ ಹಿಂದಿನ ಸುಲ್ತಾನನ ಹೆಗಲಿಗೇರಿಸಿದರೆ ಆ ಮನುಷ್ಯ ಕಾಣದಂತಾಗುತ್ತಾನೆ. ಅವನು ದಖನಿ ಭಾಷೆಯಲ್ಲಿ ರಚಿಸಿದ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯ, ಗಣಪತಿಯ ಸ್ತುತಿ ಇದೆ ಎಂಬುದನ್ನು ಹೇಳಿ ನಿಲ್ಲಿಸಿದ್ದೀರಿ. ಅದೇ ಹಾಡುಗಳಲ್ಲಿ ಕಲಬುರಗಿಯ ಬಂದೇನವಾಜ್ ಗೇಸುದರಾಜರೂ ಬರುತ್ತಾರೆ, ಅವನ ಮೆಚ್ಚಿನ ಆನೆ ಆತಶ್ ಖಾನ್, ಅವನ ತಂಬೂರಿ ಮೋತಿ ಖಾನ್ ಕೂಡ ಬರುತ್ತವೆ. ಒಂದು ವಾದ್ಯಕ್ಕೆ ಸರದಾರನಂತೆ ಹೆಸರಿಟ್ಟು, ದೇವರನ್ನೂ ಸಂತರನ್ನೂ ಹಾಡಿದ ಬಾಯಲ್ಲೇ ಅದನ್ನೂ ಹಾಡಿದವನು ಮೊದಲಿಗೆ ಸಂಗೀತದ ಹುಚ್ಚಿನವನು. ರಾಗಗಳಲ್ಲಿ ಅದ್ದಿ ತೆಗೆದ ಮನಸ್ಸಿಗೆ ಶಾರದೆ ಹೊರಗಿನವಳಾಗಿರಲಿಲ್ಲ ಎಂಬುದು ನನ್ನ ಓದು. ಅಂಥವನೇ 1594ರಲ್ಲಿ ಬೆಳಗಾವಿಯಲ್ಲಿ ದಂಗೆಯೆದ್ದ ಸ್ವಂತ ಸಹೋದರನನ್ನು ಅಡಗಿಸಿದ, 1619ರಲ್ಲಿ ಬೀದರನ್ನು ನುಂಗಿದ. ಇವನ್ನು ಮುಚ್ಚಿಟ್ಟರೆ ಅವನ ಹಾಡಿನ ತೂಕ ಹೆಚ್ಚುವುದಿಲ್ಲ.

ನವರಸಪುರವನ್ನು ನೀವು ಪ್ರಸ್ತಾಪಿಸಿಯೇ ಇಲ್ಲದಿರುವುದು ಆಶ್ಚರ್ಯ. ಕುಮಾರ ವಾಲ್ಮೀಕಿಯಿಂದಾಗಿ ಕನ್ನಡಿಗರಿಗೆ ಮೊದಲೇ ಪರಿಚಿತವಾದ ತೊರವಿಯ ಪಕ್ಕದಲ್ಲಿ 1599ರಲ್ಲಿ ಇಬ್ರಾಹಿಂ ಕಟ್ಟಿಸತೊಡಗಿದ ಈ ಹೊಸ ಪಟ್ಟಣವನ್ನು 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ಸೂರೆ ಮಾಡಿದ. ಸಂಗೀತ ಮಹಲಿನ ಅವಶೇಷ ಈಗಲೂ ಇದೆ. ಅಂದಿನ ಬಿಜಾಪುರದ ಪೇಟೆಯ ಬಗ್ಗೆ ಮೊಗಲ್ ರಾಯಭಾರಿ ಅಸದ್ ಬೇಗ್ ಬರೆದಿಟ್ಟದ್ದನ್ನೂ ಓದಿ. ಅಕ್ಬರನ ಆಸ್ಥಾನಕ್ಕೆ ತಂಬಾಕನ್ನು ಒಯ್ದು ತೋರಿಸಿದವನು ಅವನೇ, ಅದು ಅವನಿಗೆ ಸಿಕ್ಕಿದ್ದು ಬಿಜಾಪುರದಲ್ಲೇ.

ಈಗ ನಿಮ್ಮ ಲೇಖನದ ಜೀವ ಎಲ್ಲಿದೆ ಎಂದು ಹೇಳುತ್ತೇನೆ. ಗೋರಿ ಕಟ್ಟಡವಾದ ಇಬ್ರಾಹಿಂ ರೋಜಾದ ಕಿಟಕಿಯಲ್ಲಿ ಜಾಲಂಧ್ರದ ಬದಲು ಅಕ್ಷರಗಳನ್ನೇ ಕೊರೆದು, ಅವುಗಳ ಸಂದಿನಿಂದ ಗೋರಿಯ ಕೋಣೆಗೆ ಬೆಳಕು ಬಿಟ್ಟಿರುವುದನ್ನು ಒಂದು ಪ್ಯಾರಾದಲ್ಲಿ ವರ್ಣಿಸಿದ್ದೀರಿ. ಅಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ, ಕಂಡದ್ದನ್ನು ಕಂಡಂತೆ ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಆರಂಭವಾಗಲಿ. ಆದರೆ ಆ ಕಟ್ಟಡವನ್ನು ದೊರೆಯೊಬ್ಬನ ಸಾಧನೆಯೆಂದು ಕರೆದಿರುವುದನ್ನು ತಿದ್ದಬೇಕು. ಅಲ್ಲಿಯ ಪಾರಸಿ ಶಾಸನದಲ್ಲಿ ಇರುವುದು ರಾಣಿ ತಾಜ್ ಸುಲ್ತಾನಳ ಹೆಸರು ಮತ್ತು ಕಷ್ಟಪಟ್ಟು ಕೆಲಸ ಪೂರೈಸಿದ ಮಲಿಕ್ ಸಂದಲನ ಹೆಸರು. ರಾಣಿಗೆಂದು ಎದ್ದ ಗೋರಿಯಲ್ಲಿ 1627ರಲ್ಲಿ ತೀರಿಕೊಂಡ ದೊರೆಯೂ ಮಣ್ಣಾದ. ತಗುಲಿದ ವೆಚ್ಚವನ್ನೂ ಆ ಶಾಸನ ಹೇಳುತ್ತದೆ: ಒಂದೂವರೆ ಲಕ್ಷ ಹೊನ್ನು, ಮೇಲೆ ಒಂಬೈನೂರು. ಪಟ್ಟಣಕ್ಕೂ ನಾಣ್ಯಕ್ಕೂ ಪುಸ್ತಕಕ್ಕೂ 'ನವರಸ'ವೆಂದು ಹೆಸರಿಟ್ಟ ಆಸ್ಥಾನದಲ್ಲಿ ಆ ಒಂಬೈನೂರು ಬರೀ ಲೆಕ್ಕದ ಬಾಕಿಯೇ, ಅಥವಾ ಒಂಬತ್ತರ ಮೋಹ ಖರ್ಚಿನ ಬಾಬ್ತಿಗೂ ನುಸುಳಿದೆಯೇ ಎಂಬ ಅನುಮಾನ ನನಗಂತೂ ಇದೆ. ಕಲೆಗೆ ಹಣ ಎಲ್ಲಿಂದ ಬಂತು, ಕೆಲಸ ಮಾಡಿಸಿದವರು ಯಾರು ಎಂಬ ಪ್ರಶ್ನೆಗಳಿಗೆ ಈ ಶಾಸನ ದಾರಿ ಮಾಡಿಕೊಡುತ್ತದೆ. ನಿಮ್ಮ ಲೇಖನದಲ್ಲಿ ಆ ಪ್ರಶ್ನೆಗಳೇ ಎದ್ದಿಲ್ಲ.

ರೋಜಾ, ತೋಪು, ನ್ಯೂಯಾರ್ಕಿನ ಆ ಚಿತ್ರ, ಈ ಮೂರನ್ನು ಮಾತ್ರ ಇಟ್ಟುಕೊಂಡು ಅರ್ಧದಷ್ಟು ಉದ್ದದಲ್ಲಿ ಮತ್ತೆ ಬರೆದು ಕಳಿಸಿ. ನವರಸಪುರದ್ದು ಬೇರೆಯದೇ ಲೇಖನವಾಗಬಹುದು, ಅದನ್ನು ಇದಕ್ಕೆ ತುರುಕಬೇಡಿ. ಕಿಟಕಿಯ ಫೋಟೊವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳದೆ ನೀವೇ ತೆಗೆದು ಕಳಿಸಿದರೆ ಲೇಖನದ ಜೊತೆಗೆ ಅಚ್ಚು ಹಾಕುತ್ತೇವೆ.

ಇಂತು,
ಸಂಪಾದಕ