ಚಿಕ್ಕಂದಿನ ಹಬ್ಬಗಳಲ್ಲಿ ಕಲಬುರಗಿಯವರನ್ನು ಎಳ್ಳಮಾವಾಸ್ಯೆಯೇ ಹೆಚ್ಚು ಕಾಡುವುದೇಕೆ?

ಅದು ಮನೆಯೊಳಗೆ ಮುಗಿಯುವ ಹಬ್ಬವಲ್ಲ, ಹೊಲದ ಹಬ್ಬ, ಅದಕ್ಕೇ. ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಬರುವ ಈ ಅಮಾವಾಸ್ಯೆಯ ಹೊತ್ತಿಗೆ ತೊಗರಿ ಕಾಯಿ ಕಟ್ಟಿರುತ್ತದೆ, ಕಡಲೆ ಹಸಿರಾಗಿರುತ್ತದೆ, ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಬೆಳೆ ಹೊತ್ತ ಭೂಮಿಯನ್ನು ಬಸುರಿಯಂತೆ ಕಂಡು, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುತ್ತಾರೆ.

ನನಗಂತೂ ಮೊದಲು ನೆನಪಾಗುವುದು ಭಜ್ಜಿ. ಎಣ್ಣೆಯಲ್ಲಿ ಕರಿದದ್ದಲ್ಲ, ಮೆಂತ್ಯ, ಪಾಲಕ, ಹಸಿ ತೊಗರಿಕಾಳು, ಅವರೆ, ಆ ಕಾಲಕ್ಕೆ ಸಿಕ್ಕ ತರಕಾರಿಯೆಲ್ಲ ಒಟ್ಟಿಗೆ ಬೆಂದು ಕಡಲೆಹಿಟ್ಟಿನಲ್ಲಿ ಗಟ್ಟಿಯಾದ ಪಲ್ಯ. ನಮ್ಮ ಆಯಿ ನಸುಕಿನಲ್ಲೇ ಎದ್ದು ದೊಡ್ಡ ಪಾತ್ರೆಯ ತುಂಬ ಮಾಡುತ್ತಿದ್ದರು. ಎಳ್ಳು ಹಚ್ಚಿದ ಸಜ್ಜೆರೊಟ್ಟಿಯನ್ನು ಮುತ್ಯಾ ಅಂಗೈಯಲ್ಲಿ ಹರವಿಕೊಂಡು, ಅದರ ಮೇಲೆಯೇ ಭಜ್ಜಿ ಹಾಕಿಸಿಕೊಂಡು, ಬೇವಿನ ನೆರಳಿನಲ್ಲಿ ಕುಳಿತು ಉಣ್ಣುತ್ತಿದ್ದರು. ತಟ್ಟೆ ಕೊಟ್ಟರೂ ಬೇಡವೆನ್ನುತ್ತಿದ್ದರು. ನಾವು ಮಕ್ಕಳು ಶೇಂಗಾ ಹೋಳಿಗೆ ಹಿಡಿದು ಕಡಲೆ ಸಾಲುಗಳ ನಡುವೆ ಓಡುತ್ತಿದ್ದೆವು.

ಊರು ಬಿಟ್ಟವರೂ ಅಂದು ತಪ್ಪದೆ ಬರುತ್ತಿದ್ದರು. ಹೊಲವಿಲ್ಲದ ನೆರೆಯವರನ್ನು ಕರೆಯದೆ ನಮ್ಮ ಮನೆಯವರು ಬುತ್ತಿ ಬಿಚ್ಚಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.