ಕವರ್ ಒಳಗಿನ ಜಾಯಿಂಟ್‌ಗೆ ಗ್ರೀಸ್ ಹೊಡೆಯುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ರೋಣ ತಾಲ್ಲೂಕು, ಎಲ್ಲಾ ಎರೆ ಹೊಲ. ಟ್ರ್ಯಾಕ್ಟರ್‌ನಿಂದ ರೋಟಾವೇಟರ್ ತಿರುಗಿಸುವ ಶಾಫ್ಟ್‌ನಲ್ಲಿ ಟ್ರ್ಯಾಕ್ಟರ್ ಕಡೆಯ ಜಾಯಿಂಟ್ ಪ್ಲಾಸ್ಟಿಕ್ ಕವರ್ ಒಳಗೆ ಇದೆ. ಗ್ರೀಸ್ ಗನ್ನಿನ ಮೂತಿ ನಿಪ್ಪಲ್‌ಗೆ (ಗ್ರೀಸ್ ಒಳಗೆ ಹೋಗುವ ಸಣ್ಣ ಮೊಳೆಯಂಥ ಬಾಯಿಗೆ) ಮುಟ್ಟುವುದೇ ಇಲ್ಲ. ಎರಡು ವರ್ಷದಲ್ಲಿ ಎರಡು ಸಲ ಕ್ರಾಸ್ (ಜಾಯಿಂಟ್ ನಡುವಿನ, ಕೂಡುವ ಗುರುತಿನ ಆಕಾರದ ತುಂಡು) ಹೋಯಿತು. ಕವರ್ ಕಿತ್ತು ಹಾಕಿಬಿಡಲೇ?

ಉತ್ತರ: ಬೇಡ, ಕವರ್ ಮಾತ್ರ ಕೀಳಬೇಡಿ. ಆ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9. ಹೆಗಲ ಮೇಲಿನ ಟವೆಲ್ಲಿನ ಚುಂಗು ಸಿಕ್ಕರೂ ಸಾಕು, ಕೈ ಹಿಂದೆಗೆಯಲು ಸಮಯ ಇರುವುದಿಲ್ಲ.

ನಿಮ್ಮ ತೊಂದರೆ ನನಗೆ ಚೆನ್ನಾಗಿ ಗೊತ್ತು. ರೋಟಾವೇಟರ್ ನೆಲಕ್ಕೆ ಇಳಿಸಿದ ಮೇಲೆ ಬ್ಲೇಡು ಮಣ್ಣಿಗೆ ಕಚ್ಚಿಕೊಂಡಿರುತ್ತವೆ, ಹಾಗಾಗಿ ಶಾಫ್ಟ್ ಕೈಯಲ್ಲಿ ತಿರುಗಿಸಲು ಬರುವುದಿಲ್ಲ, ನಿಪ್ಪಲ್ ಕೆಳಗೆ ನಿಂತಿದ್ದರೆ ಅಲ್ಲೇ ನಿಂತಿರುತ್ತದೆ. ಅದಕ್ಕೇ ಎಲ್ಲರೂ ಕೈಗೆ ಸಿಕ್ಕಿದ್ದಕ್ಕೆ ಗ್ರೀಸ್ ಹೊಡೆದು ಎದ್ದು ಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ, ಒಂದು ಮುಂಗಾರಿನಲ್ಲಿ ಹೆಸರು ಬಿತ್ತುವ ಹೊತ್ತಿಗೆ ಸರಿಯಾಗಿ ಕ್ರಾಸ್ ಮುರಿಯಿತು. ಹದ ಕೈ ತಪ್ಪಿತು, ಆ ಸಂಕಟ ಇನ್ನೂ ಮರೆತಿಲ್ಲ.

ಮೊದಲು ಎಂಜಿನ್ ಆಫ್ ಮಾಡಿ ಚಾವಿ ಜೇಬಿಗೆ ಹಾಕಿಕೊಳ್ಳಿ. ಪಿಟಿಒ (ಟ್ರ್ಯಾಕ್ಟರ್ ಹಿಂದೆ ಶಾಫ್ಟ್ ಸಿಕ್ಕಿಸುವ, ತಿರುಗುವ ತುದಿ) ಕಡೆಯ ಲಾಕ್ ಪಿನ್ ಒತ್ತಿ ಶಾಫ್ಟ್ ಹಿಂದಕ್ಕೆ ಎಳೆದು ಬಿಡಿಸಿ. ಈಗ ಆ ತುದಿ ಸ್ವತಂತ್ರ, ಯೋಕನ್ನು, ಅಂದರೆ ಕ್ರಾಸ್ ಹಿಡಿದಿರುವ ಕವಲನ್ನು, ಒಂದು ಕಡೆಗೆ ಪೂರ್ತಿ ಬಗ್ಗಿಸಿ. ಜಾಯಿಂಟ್ ಬಾಯಿ ತೆರೆದ ಹಾಗೆ ಆಗಿ ಸಂದಿಯಲ್ಲಿ ನಿಪ್ಪಲ್ ಕಾಣುತ್ತದೆ. ಗನ್ನಿಗೆ ಕಬ್ಬಿಣದ ನಳಿಗೆ ಬದಲು ಬಗ್ಗುವ ಹೋಸ್ ಇದ್ದರೆ ಕೆಲಸ ಅರ್ಧ ಆದಂತೆ. ನಿಪ್ಪಲ್ ಮೇಲಿನ ಎರೆಮಣ್ಣು ಬಟ್ಟೆಯಿಂದ ಒರೆಸಿಯೇ ಮೂತಿ ಹಚ್ಚಿ, ಇಲ್ಲವಾದರೆ ಗ್ರೀಸ್ ಜೊತೆ ಮಣ್ಣೂ ಒಳಗೆ ಹೋಗುತ್ತದೆ. ಮೂತಿ ನೇರ ಕೂರಬೇಕು, ಓರೆ ಆದರೆ ಗ್ರೀಸ್ ಹೊರಗೇ ಸೋರುತ್ತದೆ.

ಎಷ್ಟು ಹೊಡೆಯಬೇಕು? ಕ್ರಾಸಿನ ನಾಲ್ಕೂ ತುದಿಗೆ ಕೂತ ಕಪ್‌ಗಳ ಅಂಚಿನಲ್ಲಿ ಹೊಸ ಗ್ರೀಸ್ ಇಣುಕುವವರೆಗೆ. ಇದೇ ನೋಡ್ರಿ ಮುಖ್ಯ. ಮೂರರಲ್ಲಿ ಬಂದು ಒಂದರಲ್ಲಿ ಬರಲಿಲ್ಲ ಎಂದರೆ ಆ ಒಂದೇ ಒಣಗಿ ಇಡೀ ಕ್ರಾಸನ್ನು ಹಾಳು ಮಾಡುತ್ತದೆ. ಯೋಕನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಾ ಇನ್ನೊಂದೆರಡು ಸಲ ಒತ್ತಿ, ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಯಾವುದರಲ್ಲೂ ಬರದಿದ್ದರೆ ನಿಪ್ಪಲ್ ಕಟ್ಟಿದೆ, ಪಾನಾದಿಂದ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ ಅಥವಾ ಹೊಸದು ಹಾಕಿ. ಕಪ್ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಕ್ರಾಸ್ ಬದಲಿಸುವುದೇ ಸರಿ.

ಇನ್ನೊಂದು ಅನುಮಾನ ನನಗಿದೆ. ಎರಡೆರಡು ಸಲ ಕ್ರಾಸ್ ಹೋಗಿದೆ ಎಂದರೆ ಒಂದರೊಳಗೆ ಒಂದು ಜಾರುವ ಆ ಕೊಳವೆ ಬಿಗಿಯಾಗಿರಬಹುದು. ರೋಟಾವೇಟರ್ ಎತ್ತಿ ಇಳಿಸುವಾಗ ಅದು ಜಾರದಿದ್ದರೆ ಒತ್ತಡವೆಲ್ಲ ಜಾಯಿಂಟ್ ಮೇಲೆ ಬೀಳುತ್ತದೆ. ಹೇಗೂ ಬಿಚ್ಚಿದ್ದೀರಿ ಅಲ್ವಾ, ಎಳೆದು ನೋಡಿ, ತುಕ್ಕು ಒರೆಸಿ ಅದಕ್ಕೂ ಗ್ರೀಸ್ ಸವರಿ.

ಲಿಥಿಯಂ ಗ್ರೀಸ್, 2ನೇ ನಂಬರಿನದು ಸಾಕು. ಸುಮಾರು 8 ಗಂಟೆ ಕೆಲಸಕ್ಕೊಮ್ಮೆ ಹೊಡೆಯಿರಿ. ಬದುವಿನಲ್ಲಿ ತಿರುಗಿಸುವಾಗ ಪಿಟಿಒ ಬಂದ್ ಮಾಡಿಯೇ ರೋಟಾವೇಟರ್ ಎತ್ತಿ. ಶಾಫ್ಟ್ ವಾಪಸ್ ಹಾಕಿದ ಮೇಲೆ ಲಾಕ್ ಪಿನ್ ಟಕ್ ಎಂದು ಕೂತಿತಾ ಎಂದು ಒಮ್ಮೆ ಜಗ್ಗಿ ನೋಡಿ, ಕವರಿನ ಚೈನನ್ನೂ ಮರೆಯದೆ ಸಿಕ್ಕಿಸಿ.